ದೂರದಲ್ಲಿದ್ದು ಕೂಡಿ ಕಲಿಯುವ ಬಗೆ: ಸಮಾಜಸೇವಾ ಕಾರ್ಯಕರ್ತರಿಗೆ ಅಂತರ್ಜಾಲ ಗುಂಪುಕಾರ್ಯದ ಶಿಕ್ಷಣ

ಪ್ರವೇಶ

ಮಾನವನು ಸಂಘಜೀವಿ. ಹುಟ್ಟಿದಂದಿನಿಂದ ಕಡೆಯ ಉಸಿರಿನವರೆಗೆ ಅವನು ಒಂದಲ್ಲ ಒಂದು ಗುಂಪಿನ ಆಸರೆಯಲ್ಲಿ ಬೆಳೆಯುತ್ತಾನೆ. ಮನೆ, ಓಣಿ, ಶಾಲೆ, ಮಠ, ಕಣ, ಸಂತೆ ಇವೆಲ್ಲವೂ ಅವನಿಗೆ ಪಾಠ ಹೇಳುವ ಗುಂಪುಗಳೇ. ಆದುದರಿಂದಲೇ ಸಮಾಜಸೇವೆಯನ್ನು ಒಂದು ಶಾಸ್ತ್ರವಾಗಿ ರೂಪಿಸಿದವರು ವ್ಯಕ್ತಿಯೊಡನೆ ಮಾಡುವ ಕಾರ್ಯ, ಸಮುದಾಯದೊಡನೆ ಮಾಡುವ ಕಾರ್ಯ ಇವುಗಳ ನಡುವೆ ಗುಂಪಿನೊಡನೆ ಮಾಡುವ ಕಾರ್ಯಕ್ಕೆ ಪ್ರತ್ಯೇಕವಾದ ಸ್ಥಾನವನ್ನು ಕಲ್ಪಿಸಿದರು. ಈ ಗುಂಪುಕಾರ್ಯವು ಇಂದು ಚಾವಡಿಯಿಂದಲೂ ಸಭಾಂಗಣದಿಂದಲೂ ಹೊರಬಂದು ಅಂಗೈಯಗಲದ ಗಾಜಿನ ಮೇಲೆ ನಡೆಯತೊಡಗಿದೆ. ಬೇರೆಬೇರೆ ಊರುಗಳಲ್ಲಿ ಕುಳಿತವರು ಒಂದೇ ಸಭೆಯಲ್ಲಿ ಸೇರುವ ಈ ಬಗೆಯನ್ನು ನಡೆಸುವುದು ಹೇಗೆ, ನಡೆಸುವವರು ಅದಕ್ಕಾಗಿ ಯಾವ ಶಿಕ್ಷಣವನ್ನು ಪಡೆಯಬೇಕು ಎಂಬುದು ಪ್ರಸ್ತುತ ಲೇಖನದ ವಿಷಯ.

ವಿಷಯವು ದೂರದ ನಗರಗಳಿಗೆ ಮಾತ್ರ ಸಂಬಂಧಿಸಿದುದೆಂದು ತಿಳಿಯಲಾಗದು. ಬೀದರ ಜಿಲ್ಲೆಯ ಚಿಟಗುಪ್ಪವನ್ನೇ ತೆಗೆದುಕೊಳ್ಳಬಹುದು. ಬಹುಕಾಲ ಹುಮನಾಬಾದ ತಾಲೂಕಿಗೆ ಸೇರಿದ್ದ ಈ ಪಟ್ಟಣವು ರಾಜ್ಯ ಸರ್ಕಾರವು ೨೦೧೭ರಲ್ಲಿ ಘೋಷಿಸಿದ ಹೊಸ ತಾಲೂಕುಗಳಲ್ಲಿ ಒಂದಾಯಿತು. ಇದರ ಸುತ್ತಣ ಹಳ್ಳಿಗಳಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘಗಳ ಪ್ರತಿನಿಧಿಗಳು, ವಸತಿನಿಲಯಗಳ ಮೇಲ್ವಿಚಾರಕರು, ಮಕ್ಕಳ ರಕ್ಷಣೆಗಾಗಿ ದುಡಿಯುವವರು ಚದುರಿ ಕೆಲಸ ಮಾಡುತ್ತಾರೆ. ಇವರಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ಒಂಟಿ. ಎದುರಾದ ಕಷ್ಟವನ್ನು ಅದೇ ಕೆಲಸವನ್ನು ಬಲ್ಲ ಇನ್ನೊಬ್ಬರೊಡನೆ ಹಂಚಿಕೊಳ್ಳಬೇಕೆಂದರೆ ಹುಮನಾಬಾದಿಗೋ ಬೀದರಕ್ಕೋ ಕಲಬುರಗಿಗೋ ಹೋಗಬೇಕು. ಹೋದ ದಿನ ಕೇಂದ್ರ ಮುಚ್ಚಿರುತ್ತದೆ, ಮನೆಯ ಕೆಲಸ ನಿಂತಿರುತ್ತದೆ, ಬಸ್ಸಿನ ಖರ್ಚು ಕೈಯಿಂದ ಹೋಗಿರುತ್ತದೆ. ದೂರದಿಂದಲೇ ಕೂಡಿ ಕಲಿಯುವ ವ್ಯವಸ್ಥೆಯು ಇಂಥವರಿಗೆ ವರವಾಗಬಲ್ಲದು. ಸರಿಯಾಗಿ ನಡೆಸದಿದ್ದಲ್ಲಿ ಮತ್ತೊಂದು ಹೊರೆಯೂ ಆಗಬಲ್ಲದು.

ಒಂದು ನಿದರ್ಶನ

ಪ್ರಶ್ನೆಯ ತೂಕವನ್ನು ಅರಿಯಲು ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳುವುದು ಉಚಿತ. ತೆಲಂಗಾಣದ ಗಡಿಗೆ ಸಮೀಪದ ಒಂದು ಹಳ್ಳಿ. ಅಲ್ಲಿಯ ಕಾರ್ಯಕರ್ತೆಗೆ ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಹುಡುಗಿಯೊಬ್ಬಳ ಮದುವೆ ನಿಶ್ಚಯವಾಗಿರುವ ಸುದ್ದಿ ತಿಳಿದಿದೆ. ಆ ವಾರವೇ ಮಕ್ಕಳ ರಕ್ಷಣೆಯನ್ನು ಕುರಿತ ದೂರಸಭೆಯೊಂದು ನಡೆಯುತ್ತದೆ. ಐವತ್ತು ಹೆಸರುಗಳು ಪರದೆಯ ಮೇಲೆ ಕಾಣುತ್ತವೆ. ಉಪನ್ಯಾಸಕರು ಒಂದು ಗಂಟೆ ಕಾನೂನನ್ನು ವಿವರಿಸುತ್ತಾರೆ. ಕೊನೆಯಲ್ಲಿ “ಯಾರಿಗಾದರೂ ಪ್ರಶ್ನೆಗಳಿವೆಯೆ?” ಎಂದು ಕೇಳುತ್ತಾರೆ. ಯಾರೂ ಮಾತಾಡುವುದಿಲ್ಲ. ಕಾರ್ಯಕರ್ತೆಯೂ ಮಾತಾಡುವುದಿಲ್ಲ. ಫೋನು ಗಂಡನದು, ಅವನು ಪಕ್ಕದಲ್ಲೇ ಇದ್ದಾನೆ. ಪರದೆಯ ಮೇಲಿನ ಐವತ್ತು ಹೆಸರುಗಳಲ್ಲಿ ಒಂದು ಆ ಹುಡುಗಿಯ ಬಂಧುವಿನದು. ಸಭೆ ಮುಗಿಯುತ್ತದೆ, ಹಾಜರಿ ಪಟ್ಟಿಯಲ್ಲಿ ಐವತ್ತು ಎಂದು ದಾಖಲಾಗುತ್ತದೆ, ಮುಂದಿನ ವಾರ ಮದುವೆ ನಡೆದುಹೋಗುತ್ತದೆ.

ಇಲ್ಲಿ ಕಾನೂನಿನ ಜ್ಞಾನದ ಕೊರತೆಯಿರಲಿಲ್ಲ. ಬಾಲ್ಯವಿವಾಹ ನಿಷೇಧ ಕಾಯಿದೆಯು ೨೦೦೬ರಿಂದಲೇ ಇದೆ. ಮಕ್ಕಳ ಸಹಾಯವಾಣಿಯಾದ ೧೦೯೮ರ ಅಂಕೆಯೂ ಕಾರ್ಯಕರ್ತೆಗೆ ತಿಳಿದಿತ್ತು. ಕೊರತೆಯಾದುದು ನಾಲ್ಕು ಜನ ನಂಬಿಕಸ್ಥರ ನಡುವೆ ಬಾಯಿಬಿಡುವ ಅವಕಾಶ. ಆ ಅವಕಾಶವನ್ನು ನಿರ್ಮಿಸುವವನೇ ಗುಂಪಿನ ಸುಗಮಕಾರ. ಅವನು ಉಪನ್ಯಾಸಕನಲ್ಲ, ಅಧ್ಯಕ್ಷನಲ್ಲ, ಅಧಿಕಾರಿಯೂ ಅಲ್ಲ. ಇತರರು ಮಾತಾಡುವಂತೆ, ಒಬ್ಬರನ್ನೊಬ್ಬರು ಆಲಿಸುವಂತೆ, ತಮ್ಮೊಳಗಿನಿಂದಲೇ ಪರಿಹಾರವನ್ನು ಹುಡುಕುವಂತೆ ಹಾದಿಯನ್ನು ಹಸನುಗೊಳಿಸುವವನು.

ಗೋಷ್ಠಿಯ ಪರಂಪರೆ

ಈ ಕಲ್ಪನೆಯು ಕಲ್ಯಾಣದ ನೆಲಕ್ಕೆ ಹೊಸದಲ್ಲ. ಚಿಟಗುಪ್ಪಕ್ಕೆ ದೂರವಲ್ಲದ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಅನುಭವ ಗೋಷ್ಠಿಯನ್ನು ನಡೆಸಿದರೆಂಬುದು ಪರಂಪರೆಯ ನಂಬಿಕೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದವರು ತಮ್ಮ ತಮ್ಮ ಕಾಯಕದ ಹೆಸರಿನೊಡನೆಯೇ ಆ ಗೋಷ್ಠಿಯ ಸದಸ್ಯರಾಗಿದ್ದರು. ಅದರ ಶೂನ್ಯಪೀಠವನ್ನು ಅಲಂಕರಿಸಿದ ಅಲ್ಲಮಪ್ರಭುವು ಉಪದೇಶಕ್ಕಿಂತ ಹೆಚ್ಚಾಗಿ ಪ್ರಶ್ನೆಯಿಂದ ಮುನ್ನಡೆಸಿದವನು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯು ಶರಣರ ವಚನಗಳನ್ನು ಸಂವಾದದ ರೂಪದಲ್ಲಿಯೇ ಜೋಡಿಸಿರುವುದು ಗಮನಾರ್ಹ. ಅಲ್ಲಿ ಅಕ್ಕಮಹಾದೇವಿಯೂ ಪ್ರಶ್ನೆಗೆ ಒಳಗಾಗುತ್ತಾಳೆ, ತನ್ನ ಉತ್ತರದಿಂದ ಗೋಷ್ಠಿಯನ್ನೇ ಬೆಳಗುತ್ತಾಳೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ತಿದ್ದಿದ ಲಕ್ಕಮ್ಮನ ಮಾತಿಗೂ ಅಲ್ಲಿ ಮನ್ನಣೆಯಿದೆ.

ಇದರಿಂದ ಸುಗಮಕಾರನು ಕಲಿಯಬೇಕಾದ ಮೊದಲ ಪಾಠ ಸ್ಪಷ್ಟವಾಗುತ್ತದೆ. ಪೀಠವಿರಬೇಕು, ಆದರೆ ಅದು ಶೂನ್ಯಪೀಠವಾಗಿರಬೇಕು. ಅಂದರೆ ಗುಂಪಿಗೆ ಒಂದು ಕೇಂದ್ರ ಬೇಕು. ಆ ಕೇಂದ್ರದಲ್ಲಿ ಕುಳಿತವನ ಅಹಂಕಾರ ಮಾತ್ರ ಬೇಡ. ಎರಡನೆಯ ಪಾಠ, ಪ್ರತಿಯೊಬ್ಬನ ಕಾಯಕವೇ ಅವನ ಪ್ರಮಾಣ. ಗುಂಪಿನಲ್ಲಿ ಮಾತಾಡುವ ಅರ್ಹತೆಯು ಪದವಿಯಿಂದಲ್ಲ, ಮಾಡಿದ ಕೆಲಸದ ಅನುಭವದಿಂದ ಬರುತ್ತದೆ.

ಪ್ರತಿಕೂಲ ಪರಿಸ್ಥಿತಿಯಲ್ಲಿ ಕೂಡಿ ಕಲಿತ ನಿದರ್ಶನವೂ ಈ ಜಿಲ್ಲೆಯಲ್ಲಿಯೇ ಇದೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಸಾಧನ ಯಾವುದಾದರೂ ಆಗಲಿ, ಒಳಗೆ ನಡೆಯುವ ಕಲಿಕೆಯೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಗುಂಪು ಮತ್ತು ಪ್ರೇಕ್ಷಕವರ್ಗ

ಒಂದೆಡೆ ಸೇರಿದವರೆಲ್ಲ ಗುಂಪಾಗುವುದಿಲ್ಲ. ಬಸ್ ನಿಲ್ದಾಣದಲ್ಲಿ ನೂರು ಜನರಿರುತ್ತಾರೆ, ಅದು ಸಂದಣಿ. ಉಪನ್ಯಾಸಕ್ಕೆ ನೂರು ಜನ ಬರುತ್ತಾರೆ, ಅದು ಪ್ರೇಕ್ಷಕವರ್ಗ. ಒಬ್ಬರ ಮಾತು ಇನ್ನೊಬ್ಬರನ್ನು ಬದಲಿಸುವ ಸಂಬಂಧವು ಏರ್ಪಟ್ಟಾಗ ಮಾತ್ರ ಅದು ಗುಂಪು. ಅಮೆರಿಕದ ಮನೋವಿಜ್ಞಾನಿ ಬ್ರೂಸ್ ಟಕ್‌ಮನ್ ೧೯೬೫ರಲ್ಲಿ ಗುಂಪಿನ ಬೆಳವಣಿಗೆಯನ್ನು ನಾಲ್ಕು ಹಂತಗಳಲ್ಲಿ ನಿರೂಪಿಸಿದನು. ಮೊದಲು ಪರಸ್ಪರ ಪರಿಚಯ, ಬಳಿಕ ಘರ್ಷಣೆ, ಅನಂತರ ನಿಯಮಗಳ ಒಪ್ಪಂದ, ಕೊನೆಗೆ ಕಾರ್ಯಸಾಧನೆ. ೧೯೭೭ರಲ್ಲಿ ಮೇರಿ ಆನ್ ಜೆನ್ಸನ್‌ಳೊಡನೆ ಸೇರಿ ಬೀಳ್ಕೊಡುಗೆ ಎಂಬ ಐದನೆಯ ಹಂತವನ್ನೂ ಸೇರಿಸಿದನು.

ಮುಖಾಮುಖಿಯಾದ ತರಬೇತಿಯಲ್ಲಿ ಈ ಹಂತಗಳಲ್ಲಿ ಮೊದಲನೆಯದು ಯಾರ ಪ್ರಯತ್ನವೂ ಇಲ್ಲದೆ ನಡೆದುಬಿಡುತ್ತದೆ. ಚಹಾ ಕುಡಿಯುವಾಗ, ಬುತ್ತಿ ಬಿಚ್ಚುವಾಗ, ಬಸ್ಸಿಗಾಗಿ ಕಾಯುವಾಗ ಒಬ್ಬರ ಊರು ಇನ್ನೊಬ್ಬರಿಗೆ ತಿಳಿಯುತ್ತದೆ; ಒಬ್ಬರ ಕಷ್ಟ ಇನ್ನೊಬ್ಬರ ಕಿವಿಗೆ ಬೀಳುತ್ತದೆ. ದೂರಸಭೆಯಲ್ಲಿ ಚಹಾದ ವಿರಾಮವಿಲ್ಲ. ಗುಂಡಿ ಒತ್ತಿದೊಡನೆ ಸಭೆ, ಗುಂಡಿ ಒತ್ತಿದೊಡನೆ ಏಕಾಂತ. ಆದುದರಿಂದ ಸಹಜವಾಗಿ ಆಗುತ್ತಿದ್ದುದನ್ನು ಸುಗಮಕಾರನು ಯೋಜನೆ ಮಾಡಿ ಆಗಿಸಬೇಕು. ಅಂತರ್ಜಾಲದ ಗುಂಪುಕಾರ್ಯವು ಪ್ರತ್ಯೇಕವಾದ ಶಿಕ್ಷಣವನ್ನು ಬೇಡುವುದಕ್ಕೆ ಇದೇ ಮೂಲಕಾರಣ.

ದೂರದ ಕಲಿಕೆಯ ಪೂರ್ವೇತಿಹಾಸ

ದೂರದಿಂದ ಕಲಿಸುವ ಪ್ರಯತ್ನವು ಈ ಪ್ರದೇಶಕ್ಕೆ ಬಂದು ಅರ್ಧ ಶತಮಾನವಾಯಿತು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಅಮೆರಿಕದಿಂದ ಎರವಲಾಗಿ ದೊರೆತ ಎಟಿಎಸ್-೬ ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ೨೪೦೦ ಹಳ್ಳಿಗಳಿಗೆ ಶೈಕ್ಷಣಿಕ ದೂರದರ್ಶನ ಕಾರ್ಯಕ್ರಮಗಳು ಪ್ರಸಾರವಾದವು. ಸೈಟ್ ಎಂಬ ಹೆಸರಿನ ಆ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದವು ಅಂದಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಊರ ಮುಂದೆ ಇಟ್ಟ ಒಂದೇ ಪೆಟ್ಟಿಗೆಯೆದುರು ಇಡೀ ಊರು ಕುಳಿತು ಕೃಷಿ, ಆರೋಗ್ಯ, ಕುಟುಂಬ ಕಲ್ಯಾಣಗಳ ಪಾಠವನ್ನು ನೋಡಿತು. ಪ್ರಾಥಮಿಕ ಶಾಲಾ ಶಿಕ್ಷಕರಿಗೂ ಅದರ ಮೂಲಕ ವಿಜ್ಞಾನ ಬೋಧನೆಯ ತರಬೇತಿ ದೊರೆಯಿತು. ಆದರೆ ಪೆಟ್ಟಿಗೆ ಮಾತಾಡುತ್ತಿತ್ತು, ಊರು ಕೇಳುತ್ತಿತ್ತು. ಊರು ಮರಳಿ ಮಾತಾಡುವ ದಾರಿ ಇರಲಿಲ್ಲ.

ಆ ಕೊರತೆಯನ್ನು ತಕ್ಕಮಟ್ಟಿಗೆ ನೀಗಿಸಿದುದು ೧೯೯೫ರಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಆರಂಭಿಸಿದ ತರಬೇತಿ ವಾಹಿನಿ. ಅದರಲ್ಲಿ ಚಿತ್ರವು ಒಂದೇ ದಿಕ್ಕಿಗೆ ಹರಿದರೂ ಧ್ವನಿಯು ಎರಡೂ ದಿಕ್ಕಿಗೆ ಹರಿಯಿತು. ಕಲಿಯುವವರು ದೂರವಾಣಿಯ ಮೂಲಕ ಪ್ರಶ್ನೆ ಕೇಳಬಹುದಾಯಿತು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಈ ಪದ್ಧತಿಯನ್ನು ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಗೆ ವಿಸ್ತಾರವಾಗಿ ಬಳಸಿಕೊಂಡಿತು. ಮೈಸೂರಿನ ಸ್ಟುಡಿಯೋದಿಂದ ಹೊರಟ ಪಾಠವನ್ನು ತಾಲೂಕು ಕೇಂದ್ರಗಳ ಸಾಮರ್ಥ್ಯ ಸೌಧಗಳಲ್ಲಿ ಸದಸ್ಯರು ಒಟ್ಟಾಗಿ ನೋಡುವರು. ಸ್ಥಳೀಯ ಸಂಪನ್ಮೂಲ ವ್ಯಕ್ತಿಯು ಅವರೊಡನೆ ಕುಳಿತು ಚರ್ಚೆಯನ್ನು ನಡೆಸುವನು. ೨೦೦೪ರ ಸೆಪ್ಟೆಂಬರ್ ೨೦ರಂದು ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹವು ಈ ಬಗೆಯ ಪ್ರಯತ್ನಗಳಿಗೆ ಮತ್ತಷ್ಟು ಬಲ ನೀಡಿತು.

ಇಲ್ಲಿ ಒಂದು ಅಂಶವನ್ನು ಮನಗಾಣಬೇಕು. ಸಾಮರ್ಥ್ಯ ಸೌಧದಲ್ಲಿ ಪಾಠ ಹೇಳುವವರು ದೂರದಲ್ಲಿದ್ದರು, ಗುಂಪು ಮಾತ್ರ ಒಂದೆಡೆ ಇತ್ತು. ಇಂದಿನ ದೂರಸಭೆಯಲ್ಲಿ ಗುಂಪೇ ಚದುರಿದೆ. ಪಕ್ಕದವರ ಮುಖ ನೋಡಿ ಧೈರ್ಯ ತಂದುಕೊಳ್ಳುವ ಅವಕಾಶವೂ ಇಲ್ಲವಾಗಿದೆ. ತಂತ್ರಜ್ಞಾನವು ಮುಂದುವರಿದಷ್ಟೂ ಸುಗಮಕಾರನ ಹೊಣೆಯು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಬೆಂಗಳೂರಿನ ಪ್ರಯೋಗ

ಚದುರಿದ ಗುಂಪನ್ನು ಕೂಡಿಸಿ ಕಲಿಸುವ ವಿಧಾನಕ್ಕೆ ಮಾದರಿಯಾಗಿ ಒಂದು ಪ್ರಯೋಗವನ್ನು ನೋಡಬಹುದು. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲಿ ಭಾರತೀಯ ಮೂಲದ ವೈದ್ಯ ಡಾ. ಸಂಜೀವ್ ಅರೋರಾ ೨೦೦೩ರಲ್ಲಿ ಎಕೋ ಎಂಬ ಯೋಜನೆಯನ್ನು ಆರಂಭಿಸಿದರು. ಹೆಪಟೈಟಿಸ್ ಸಿ ರೋಗಿಗಳು ದೂರದ ಊರುಗಳಿಂದ ತಜ್ಞರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಸ್ಥಿತಿಯೇ ಅದಕ್ಕೆ ಪ್ರೇರಣೆ. ರೋಗಿಯನ್ನು ತಜ್ಞನ ಬಳಿಗೆ ತರುವ ಬದಲು ಹಳ್ಳಿಯ ವೈದ್ಯನಿಗೆ ತಜ್ಞನ ತಿಳುವಳಿಕೆಯನ್ನು ಒಯ್ಯುವುದು ಅದರ ತತ್ತ್ವ. ಹೀಗೆ ಕಲಿತ ಹಳ್ಳಿಯ ವೈದ್ಯರ ಚಿಕಿತ್ಸೆಯು ವಿಶ್ವವಿದ್ಯಾನಿಲಯದ ಚಿಕಿತ್ಸೆಯಷ್ಟೇ ಫಲಕಾರಿಯೆಂದು ೨೦೧೧ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿಕೊಟ್ಟಿತು.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಈ ಪದ್ಧತಿಯನ್ನು ಮಾನಸಿಕ ಆರೋಗ್ಯ ಮತ್ತು ವ್ಯಸನಮುಕ್ತಿಯ ಕ್ಷೇತ್ರಕ್ಕೆ ಅಳವಡಿಸಿಕೊಂಡಿತು. ಛತ್ತೀಸಗಡದ ಹಿಂದುಳಿದ ಜಿಲ್ಲೆಗಳ ಆಪ್ತಸಮಾಲೋಚಕರಿಗೆ ಬೆಂಗಳೂರಿನಿಂದ ನಡೆಸಿದ ಇಂಥ ತರಬೇತಿಯ ಪರಿಣಾಮವನ್ನು ಕುರಿತ ಅಧ್ಯಯನವು ೨೦೧೮ರಲ್ಲಿ ಪ್ರಕಟವಾಯಿತು. ಅದೇ ವರ್ಷ ಸಂಸ್ಥೆಯು ತನ್ನ ಡಿಜಿಟಲ್ ಅಕಾಡೆಮಿಯನ್ನೂ ಆರಂಭಿಸಿತು.

ಈ ಗೋಷ್ಠಿಗಳ ರಚನೆಯು ಅಧ್ಯಯನಯೋಗ್ಯವಾದುದು. ತಜ್ಞರ ಉಪನ್ಯಾಸವು ಅಲ್ಲಿ ಅಲ್ಪಭಾಗ ಮಾತ್ರ. ಉಳಿದ ಕಾಲವೆಲ್ಲ ಕಾರ್ಯಕರ್ತರು ತಂದ ಪ್ರಕರಣಗಳ ಚರ್ಚೆಗೆ ಮೀಸಲು. ಒಬ್ಬ ಸಮಾಲೋಚಕನು ತನ್ನ ಊರಿನ ಒಂದು ಪ್ರಕರಣವನ್ನು ಹೆಸರು, ವಿಳಾಸಗಳಿಲ್ಲದೆ ಮಂಡಿಸುತ್ತಾನೆ. ಮೊದಲು ಇತರ ಊರಿನ ಸಮಾಲೋಚಕರು ಸ್ಪಷ್ಟೀಕರಣ ಕೇಳುತ್ತಾರೆ, ತಮ್ಮ ಅನುಭವವನ್ನು ಹೇಳುತ್ತಾರೆ. ತಜ್ಞರ ಮಾತು ಕೊನೆಯಲ್ಲಿ. ಚರ್ಚೆಯ ಸಾರವನ್ನು ಬರೆದು ಎಲ್ಲರಿಗೂ ಕಳುಹಿಸಲಾಗುತ್ತದೆ. ತಜ್ಞನೂ ಇಲ್ಲಿ ಕಲಿಯುತ್ತಾನೆ. ಏಕೆಂದರೆ ಹಳ್ಳಿಯ ನಿಜಸ್ಥಿತಿ ಕಾರ್ಯಕರ್ತನಿಗಲ್ಲದೆ ಅವನಿಗೆ ತಿಳಿಯದು.

ಮುಂದೆ ೨೦೨೦ರಲ್ಲಿ ಕೋವಿಡ್ ಮಹಾಮಾರಿ ಬಂದಿತು. ಭಾರತದಲ್ಲಿ ಆ ರೋಗದಿಂದ ಸಂಭವಿಸಿದ ಮೊದಲ ಸಾವೆಂದು ದಾಖಲಾದುದು ಆ ವರ್ಷದ ಮಾರ್ಚ್‌ನಲ್ಲಿ ನೆರೆಯ ಕಲಬುರಗಿಯಲ್ಲಿ. ಅದೇ ತಿಂಗಳು ದೇಶವೆಲ್ಲ ಬಾಗಿಲು ಮುಚ್ಚಿದಾಗ ಸಮಾಜಸೇವಾ ಕಾರ್ಯಕರ್ತರ ತರಬೇತಿಯೆಲ್ಲವೂ ಒಮ್ಮೆಲೇ ಫೋನಿಗೆ ಬಂದು ಸೇರಿತು. ಸಿದ್ಧತೆಯಿದ್ದವರು ಗುಂಪನ್ನು ಕಟ್ಟಿದರು. ಸಿದ್ಧತೆಯಿಲ್ಲದವರು ಉಪನ್ಯಾಸವನ್ನು ಬಿತ್ತರಿಸಿದರು. ಮಹಾಮಾರಿ ಹಿಂದೆ ಸರಿದರೂ ಆ ರೂಢಿ ಉಳಿಯಿತು. ೨೦೨೨ರ ಅಕ್ಟೋಬರ್ ೧೦ರಂದು ದೇಶದಲ್ಲಿ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯದ ದೂರವಾಣಿ ಸೇವೆಯು ೧೪೪೧೬ ಎಂಬ ಅಂಕೆಯಲ್ಲಿ ಆರಂಭವಾದಾಗ ಅದಕ್ಕೂ ನಿಮ್ಹಾನ್ಸ್ ಸಂಸ್ಥೆಯೇ ಮಾರ್ಗದರ್ಶಕ ಕೇಂದ್ರವಾಯಿತು.

ಸುಗಮಕಾರನ ಕಾರ್ಯವಿಧಾನ

ಇಂಗ್ಲೆಂಡಿನ ಶಿಕ್ಷಣತಜ್ಞೆ ಗಿಲ್ಲಿ ಸಾಲ್ಮನ್ ೨೦೦೦ದಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಅಂತರ್ಜಾಲದ ಕಲಿಕೆಗೆ ಐದು ಮೆಟ್ಟಿಲುಗಳನ್ನು ಹೇಳಿದ್ದಾರೆ. ಒಳಬರುವುದು ಮತ್ತು ಹುರುಪುಗೊಳ್ಳುವುದು, ಪರಸ್ಪರ ಬೆರೆಯುವುದು, ಮಾಹಿತಿಯ ವಿನಿಮಯ, ಜ್ಞಾನದ ನಿರ್ಮಾಣ, ಸ್ವಂತ ಬೆಳವಣಿಗೆ ಎಂಬವೇ ಆ ಐದು. ಮೊದಲ ಎರಡು ಮೆಟ್ಟಿಲುಗಳನ್ನು ಹಾರಿ ಮೂರನೆಯದಕ್ಕೆ ನೆಗೆಯುವುದೇ ಸಾಮಾನ್ಯವಾಗಿ ಆಗುವ ತಪ್ಪು. ಈ ತತ್ತ್ವವನ್ನು ಚಿಟಗುಪ್ಪದಂಥ ತಾಲೂಕಿನ ಸಂದರ್ಭಕ್ಕೆ ಅಳವಡಿಸಿ ಮೂರು ಘಟ್ಟಗಳಲ್ಲಿ ವಿವರಿಸಬಹುದು.

ಮೊದಲನೆಯದು ಪೂರ್ವಸಿದ್ಧತೆ. ಗುಂಪು ಚಿಕ್ಕದಾಗಿರಬೇಕು, ಎಂಟರಿಂದ ಹನ್ನೆರಡು ಜನರಿದ್ದರೆ ಪ್ರತಿಯೊಬ್ಬರಿಗೂ ಬಾಯಿ ತೆರೆಯುವ ಸರದಿ ಬರುತ್ತದೆ. ಸಭೆಗೆ ಮುನ್ನ ಸುಗಮಕಾರನು ಪ್ರತಿಯೊಬ್ಬರೊಡನೆ ಪ್ರತ್ಯೇಕವಾಗಿ ಐದು ನಿಮಿಷ ಮಾತಾಡಬೇಕು. ಫೋನು ಯಾರದು, ಯಾವ ಹೊತ್ತಿನಲ್ಲಿ ಕೈಗೆ ಸಿಗುತ್ತದೆ, ಊರಿನ ಯಾವ ಸ್ಥಳದಲ್ಲಿ ಸಂಪರ್ಕ ನಿಲ್ಲುತ್ತದೆ, ಪಕ್ಕದಲ್ಲಿ ಯಾರಿರುತ್ತಾರೆ ಎಂಬುದನ್ನು ಕೇಳಿ ತಿಳಿಯಬೇಕು. ಹೊಲದ ಕೆಲಸದ ಹೊತ್ತು, ಅಡುಗೆಯ ಹೊತ್ತು, ಕೇಂದ್ರದ ಹೊತ್ತು ಇವನ್ನು ಬಿಟ್ಟು ಸಭೆಯ ವೇಳೆಯನ್ನು ಗೊತ್ತುಪಡಿಸಬೇಕು. ಒಂದೇ ಸಂಬಂಧದ ಬಳಗದವರು ಅಥವಾ ಮೇಲಧಿಕಾರಿ ಮತ್ತು ಅಧೀನರು ಒಂದೇ ಗುಂಪಿಗೆ ಬೀಳದಂತೆ ನೋಡಿಕೊಳ್ಳಬೇಕು.

ಎರಡನೆಯದು ಸಭೆಯ ನಡೆವಳಿ. ಮೊದಲ ಹತ್ತು ನಿಮಿಷ ಯಾವ ವಿಷಯವೂ ಬೇಡ. ಪ್ರತಿಯೊಬ್ಬರೂ ಒಂದೊಂದು ಮಾತನ್ನಾಡಲಿ. ಊರಿನಲ್ಲಿ ಮಳೆಯಾಯಿತೆ, ತೊಗರಿ ಹೇಗಿದೆ ಎಂಬಷ್ಟೇ ಸಾಕು. ಒಮ್ಮೆ ಧ್ವನಿ ಹೊರಟ ಗಂಟಲು ಮತ್ತೆ ಹೊರಡಲು ಹಿಂಜರಿಯುವುದಿಲ್ಲ. “ಪ್ರಶ್ನೆಗಳಿವೆಯೆ?” ಎಂದು ಎಲ್ಲರನ್ನೂ ಕೇಳುವುದೆಂದರೆ ಯಾರನ್ನೂ ಕೇಳದಂತೆಯೇ. ಸರದಿಯ ಪ್ರಕಾರ ಹೆಸರು ಹಿಡಿದು ಕೇಳಬೇಕು. ಮಾತಾಡದೆ ಸರದಿಯನ್ನು ದಾಟಿಸುವ ಸ್ವಾತಂತ್ರ್ಯವನ್ನೂ ಕೊಡಬೇಕು. ಪ್ರಶ್ನೆ ಕೇಳಿದ ಮೇಲೆ ಮೌನವನ್ನು ಸಹಿಸಿಕೊಳ್ಳಬೇಕು. ಸಂಪರ್ಕವು ತಡವಾಗಿ ತಲುಪುವ ಊರಿನವರು ಉತ್ತರಿಸಲು ಹತ್ತು ಎಣಿಸುವಷ್ಟು ಕಾಲವಾದರೂ ಬೇಕು. ಆ ಮೌನವನ್ನು ತಾನೇ ಮಾತಾಡಿ ತುಂಬಿಬಿಡುವ ಸುಗಮಕಾರನು ಉಪನ್ಯಾಸಕನಾಗಿಬಿಡುತ್ತಾನೆ.

ಕೆಲಸ ಹಂಚಿಕೊಡುವುದು ಇನ್ನೊಂದು ಉಪಾಯ. ಒಬ್ಬರು ಪ್ರಕರಣವನ್ನು ಮಂಡಿಸಲಿ, ಒಬ್ಬರು ವೇಳೆಯನ್ನು ನೋಡಲಿ, ಒಬ್ಬರು ಸಾರವನ್ನು ಬರೆಯಲಿ. ಮುಂದಿನ ಸಭೆಯಲ್ಲಿ ಪಾತ್ರಗಳು ಬದಲಾಗಲಿ. ಹೆಚ್ಚು ಜನರಿದ್ದಲ್ಲಿ ಮೂರು ಮೂರು ಜನರ ಉಪಗುಂಪುಗಳನ್ನು ಮಾಡಿ, ಒಂದು ನಿರ್ದಿಷ್ಟ ಪ್ರಶ್ನೆಯನ್ನು ಕೊಟ್ಟು, ಮರಳಿ ಬಂದಾಗ ಒಂದೇ ವಾಕ್ಯದ ಉತ್ತರವನ್ನು ಕೇಳಬೇಕು. ಘರ್ಷಣೆ ಹುಟ್ಟಿದರೆ ಅದನ್ನು ಅಡಗಿಸಬಾರದು. ಇಬ್ಬರ ಮಾತನ್ನೂ ಸುಗಮಕಾರನು ತನ್ನ ಮಾತಿನಲ್ಲಿ ಪುನಃ ಹೇಳಿ, “ಹೀಗೆಯೇ ಅಲ್ಲವೆ?” ಎಂದು ಖಚಿತಪಡಿಸಿಕೊಂಡರೆ ಅರ್ಧ ಜಗಳ ಅಲ್ಲಿಯೇ ಇಳಿಯುತ್ತದೆ.

ಮೂರನೆಯದು ಸಭೆಯ ಬಳಿಕದ ಅನುಸರಣೆ. ಸಂಪರ್ಕ ಕಡಿದು ಹೊರಗುಳಿದವರಿಗೆ ಆ ದಿನವೇ ಕರೆ ಮಾಡಬೇಕು. ಸಾರವನ್ನು ಬರಹದಲ್ಲಿಯೂ, ಓದಲು ಬಿಡುವಿಲ್ಲದವರಿಗಾಗಿ ಎರಡು ನಿಮಿಷದ ಧ್ವನಿಯಲ್ಲಿಯೂ ಕಳುಹಿಸಬೇಕು. ಮುಂದಿನ ಸಭೆಯ ಮೊದಲ ಪ್ರಶ್ನೆ ಒಂದೇ ಆಗಿರಬೇಕು: ಕಳೆದ ಬಾರಿ ಕಲಿತುದರಲ್ಲಿ ಏನನ್ನು ಮಾಡಿ ನೋಡಿದಿರಿ, ಏನಾಯಿತು?

ವಿಶೇಷ ತೊಡಕುಗಳು

ಬೀದರ ಜಿಲ್ಲೆಯ ಕಾರ್ಯಕರ್ತರು ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ನುಡಿಗಳ ನಡುವೆ ಬಾಳುತ್ತಾರೆ. ತರಬೇತಿಯ ಭಾಷೆಯು ಗ್ರಾಂಥಿಕ ಕನ್ನಡವಾದರೆ ಅಥವಾ ಇಂಗ್ಲಿಷ್ ಬೆರೆತ ಕಚೇರಿಯ ನುಡಿಯಾದರೆ ಅನೇಕರು ತಿಳಿಯದೆಯೇ ತಲೆದೂಗುತ್ತಾರೆ. ತಲೆದೂಗುವುದೂ ಪರದೆಯ ಮೇಲೆ ಕಾಣದು. ಆದುದರಿಂದ ಗುಂಪಿನಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಮಾತಿನಲ್ಲಿ ಹೇಳಬಹುದು, ಬಲ್ಲವರು ಕನ್ನಡಕ್ಕೆ ತಿರುಗಿಸಿ ಹೇಳಬೇಕು ಎಂಬ ನಿಯಮವನ್ನು ಮೊದಲೇ ಮಾಡಿಕೊಳ್ಳುವುದು ಲೇಸು.

ಗೌಪ್ಯವು ಎಲ್ಲಕ್ಕಿಂತ ದೊಡ್ಡ ತೊಡಕು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ೨೦೧೨ರ ಕಾಯಿದೆ, ೨೦೧೫ರ ಬಾಲನ್ಯಾಯ ಕಾಯಿದೆ ಇವೆರಡೂ ಮಗುವಿನ ಗುರುತನ್ನು ಬಯಲು ಮಾಡುವುದನ್ನು ನಿಷೇಧಿಸುತ್ತವೆ. ೨೦೧೭ರ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆಯು ರೋಗಿಗೆ ಗೌಪ್ಯದ ಹಕ್ಕನ್ನು ನೀಡುತ್ತದೆ. ಸಭಾಂಗಣದಲ್ಲಿ ಬಾಗಿಲು ಮುಚ್ಚಿದರೆ ಸಾಕಿತ್ತು. ದೂರಸಭೆಗೆ ಹನ್ನೆರಡು ಬಾಗಿಲುಗಳು. ಪ್ರತಿ ಬಾಗಿಲಿನ ಹಿಂದೆ ಯಾರಿದ್ದಾರೆಂಬುದು ಸುಗಮಕಾರನಿಗೆ ಕಾಣದು. ಆದುದರಿಂದ ಕೆಲವು ಕಟ್ಟುಪಾಡುಗಳು ಅನಿವಾರ್ಯ. ಪ್ರಕರಣವನ್ನು ಹೇಳುವಾಗ ಹೆಸರು, ಊರು, ಜಾತಿ, ಶಾಲೆಗಳನ್ನು ಬಿಡಬೇಕು. ಚಿಕ್ಕ ಊರಿನಲ್ಲಿ ಹೆಸರಿಲ್ಲದಿದ್ದರೂ ಘಟನೆಯಿಂದಲೇ ವ್ಯಕ್ತಿಯನ್ನು ಗುರುತಿಸಬಹುದಾದುದರಿಂದ ವಿವರಗಳನ್ನೂ ಮಿತಗೊಳಿಸಬೇಕು. ಸಭೆಯ ಚಿತ್ರ ಅಥವಾ ಧ್ವನಿಯನ್ನು ಯಾರೂ ಮುದ್ರಿಸಿಕೊಳ್ಳಬಾರದು. ಬೇರೆಯವರು ಕೋಣೆಗೆ ಬಂದರೆ ಸೂಚಿಸಲು ಒಂದು ಸಾಧಾರಣ ಮಾತನ್ನು ಗುಂಪು ಗೊತ್ತುಮಾಡಿಕೊಂಡಿರಬೇಕು. ಆ ಮಾತು ಕೇಳಿದೊಡನೆ ಚರ್ಚೆಯು ಬೇರೆಡೆಗೆ ತಿರುಗಬೇಕು.

ಎಲ್ಲವನ್ನೂ ಅಂತರ್ಜಾಲದಲ್ಲಿ ಮಾಡಲಾಗದೆಂಬುದನ್ನೂ ಒಪ್ಪಿಕೊಳ್ಳಬೇಕು. ಪ್ರಾಣಾಪಾಯವಿರುವ ಪ್ರಕರಣ, ಮನೆಯೊಳಗಿನ ಹಿಂಸೆಗೆ ಕಾರ್ಯಕರ್ತೆಯೇ ಗುರಿಯಾಗಿರುವ ಪ್ರಸಂಗ, ಸಹಿಸಲಾಗದ ದುಃಖ ಇವು ಗುಂಪಿನ ಪರದೆಗೆ ತಕ್ಕವಲ್ಲ. ಅಲ್ಲಿ ನೇರವಾದ ಭೇಟಿಯೇ ಬೇಕು. ಸಾಧ್ಯವಾದಲ್ಲಿ ಗುಂಪಿನ ಮೊದಲ ಸಭೆಯನ್ನೂ ಕೊನೆಯ ಸಭೆಯನ್ನೂ ಒಂದೆಡೆ ಸೇರಿ ನಡೆಸುವುದು ಉತ್ತಮ. ಒಮ್ಮೆ ಕೂಡಿ ಉಂಡವರು ದೂರದಲ್ಲಿಯೂ ಒಬ್ಬರನ್ನೊಬ್ಬರು ನಂಬುತ್ತಾರೆ.

ಸುಗಮಕಾರನ ಸ್ವಂತ ಶಿಕ್ಷಣ

ಈಜನ್ನು ದಡದ ಮೇಲೆ ಕಲಿಸಲಾಗದು. ಗುಂಪನ್ನು ನಡೆಸುವ ವಿದ್ಯೆಯನ್ನೂ ಉಪನ್ಯಾಸದಿಂದ ಕಲಿಸಲಾಗದು. ಮೊದಲು ಒಬ್ಬ ಸದಸ್ಯನಾಗಿ ದೂರಗುಂಪಿನಲ್ಲಿ ಕೆಲಕಾಲ ಇರಬೇಕು; ಕೇಳಿಸದಿರುವುದು, ಮರೆಯಾಗುವುದು, ಕರೆಯದೆ ಉಳಿಯುವುದು ಹೇಗಿರುತ್ತದೆಂಬುದು ಆಗ ತಾನೇ ತಿಳಿಯುತ್ತದೆ. ಅನಂತರ ಅನುಭವಿಯೊಬ್ಬರ ಜತೆಯಲ್ಲಿ ಸಹಸುಗಮಕಾರನಾಗಬೇಕು. ಒಬ್ಬನು ಮಾತನ್ನು ನಡೆಸುವಾಗ ಇನ್ನೊಬ್ಬನು ಯಾರು ಮಾತಾಡಲಿಲ್ಲವೆಂಬುದನ್ನು ಗುರುತಿಸುತ್ತಿರಬೇಕು. ಮೂರನೆಯದಾಗಿ ತಾನೇ ನಡೆಸಿ, ಸಭೆಯ ಬಳಿಕ ಸಹೋದ್ಯೋಗಿಯೊಡನೆ ಕುಳಿತು ಪರಾಮರ್ಶಿಸಬೇಕು. ಒಂದು ಹಾಳೆಯ ಮೇಲೆ ಸದಸ್ಯರ ಹೆಸರುಗಳನ್ನು ವೃತ್ತಾಕಾರವಾಗಿ ಬರೆದು, ಯಾರು ಯಾರೊಡನೆ ಮಾತಾಡಿದರೆಂಬುದಕ್ಕೆ ಗೆರೆ ಎಳೆಯುವುದು ಸುಲಭವಾದ ಅಭ್ಯಾಸ. ಎಲ್ಲ ಗೆರೆಗಳೂ ಸುಗಮಕಾರನ ಕಡೆಗೇ ಬಂದಿದ್ದರೆ ಗುಂಪು ಇನ್ನೂ ಹುಟ್ಟಿಲ್ಲ. ಸದಸ್ಯರ ನಡುವೆಯೇ ಗೆರೆಗಳು ಹೆಣೆದುಕೊಂಡಿದ್ದರೆ ಅವನ ಕೆಲಸ ಫಲಿಸಿದೆ.

ಯಶಸ್ಸನ್ನು ಅಳೆಯುವ ಬಗೆಯೂ ಬದಲಾಗಬೇಕು. ಎಷ್ಟು ಜನ ಸೇರಿದರೆಂಬುದು ಮೊದಲ ಅಳತೆ, ಅದು ಅತ್ಯಲ್ಪ. ಎಷ್ಟು ಜನ ಮಾತಾಡಿದರೆಂಬುದು ಎರಡನೆಯದು. ಕಲಿತುದನ್ನು ಎಷ್ಟು ಜನ ಕಾರ್ಯರೂಪಕ್ಕೆ ತಂದರೆಂಬುದು ಮೂರನೆಯದು. ಅದರಿಂದ ಹಳ್ಳಿಯ ಯಾವ ಮಗುವಿಗೆ, ಯಾವ ತಾಯಿಗೆ ಒಳಿತಾಯಿತೆಂಬುದೇ ಕೊನೆಯ ಮತ್ತು ನಿಜವಾದ ಅಳತೆ.

ಉಪಸಂಹಾರ

ಆರಂಭದಲ್ಲಿ ಹೇಳಿದ ನಿದರ್ಶನಕ್ಕೆ ಮರಳಬಹುದು. ಅದೇ ಕಾರ್ಯಕರ್ತೆ, ಈ ಬಾರಿ ಹತ್ತು ಜನರ ಗುಂಪು. ಬಂಧುವರ್ಗದವರಾರೂ ಅದರಲ್ಲಿಲ್ಲ. ಸಭೆಯು ಅಂಗನವಾಡಿ ಕೇಂದ್ರ ಮುಗಿದ ಮೇಲೆ, ಆ ಕೇಂದ್ರದಿಂದಲೇ ಸೇರಿಕೊಳ್ಳಲು ಅನುಕೂಲವಾದ ವೇಳೆಯಲ್ಲಿದೆ. ಸುಗಮಕಾರನು ಹಿಂದಿನ ದಿನವೇ ಮಾತಾಡಿದ್ದಾನೆ. ಸರದಿ ಬಂದಾಗ ಅವಳು ಹೆಸರಿಲ್ಲದೆ ವಿಷಯವನ್ನು ಹೇಳುತ್ತಾಳೆ. ಹುಲಸೂರಿನ ಕಡೆಯವರೊಬ್ಬರು ಇಂಥದೇ ಸಂದರ್ಭದಲ್ಲಿ ಮುಖ್ಯೋಪಾಧ್ಯಾಯರನ್ನು ಮುಂದೆ ಮಾಡಿಕೊಂಡು ತಂದೆಯೊಡನೆ ಮಾತಾಡಿದುದನ್ನು ವಿವರಿಸುತ್ತಾರೆ. ಇನ್ನೊಬ್ಬರು ಬಾಲ್ಯವಿವಾಹ ನಿಷೇಧಾಧಿಕಾರಿಗೆ ತಿಳಿಸುವ ಕ್ರಮವನ್ನು ಹೇಳುತ್ತಾರೆ; ಸಹಾಯವಾಣಿಗೆ ಕರೆ ಮಾಡಿದವರ ಹೆಸರನ್ನು ಗುಟ್ಟಾಗಿಡುವಂತೆ ಕೋರಬಹುದೆಂದು ಮತ್ತೊಬ್ಬರು ನೆನಪಿಸುತ್ತಾರೆ. ಸಭೆ ಮುಗಿಯುವ ಹೊತ್ತಿಗೆ ಅವಳು ಮಾಡಬೇಕಾದ ಮೊದಲ ಕೆಲಸ ಯಾವುದೆಂಬುದು ಅವಳಿಗೆ ಗೊತ್ತಾಗಿರುತ್ತದೆ. ತಾನು ಒಂಟಿಯಲ್ಲವೆಂಬುದೂ ಗೊತ್ತಾಗಿರುತ್ತದೆ. ಕಾನೂನೂ ಅದೇ, ಫೋನೂ ಅದೇ. ಬದಲಾದುದು ಗುಂಪನ್ನು ನಡೆಸಿದ ರೀತಿ.

ಯಂತ್ರವು ಧ್ವನಿಯನ್ನು ಒಯ್ಯಬಲ್ಲದು, ವಿಶ್ವಾಸವನ್ನು ಹುಟ್ಟಿಸಲಾರದು. ಆ ಕೆಲಸ ಮನುಷ್ಯನದೇ. ಇಂದು ಶಾಲೆಯಲ್ಲಿ ಕಲಿಯುತ್ತಿರುವ ವಿದ್ಯಾರ್ಥಿ ವಿದ್ಯಾರ್ಥಿನಿಯರಲ್ಲಿ ಅನೇಕರು ನಾಳೆ ಶಿಕ್ಷಕರಾಗಿ, ದಾದಿಯರಾಗಿ, ಸಮಾಲೋಚಕರಾಗಿ, ಸಂಘಗಳ ಕಾರ್ಯದರ್ಶಿಗಳಾಗಿ ಇಂಥ ಗುಂಪುಗಳನ್ನು ನಡೆಸಬೇಕಾದವರು. ತರಗತಿಯಲ್ಲಿ ನಾಲ್ವರು ಕೂಡಿ ಒಂದು ಲೆಕ್ಕವನ್ನು ಬಿಡಿಸುವಾಗ, ಚರ್ಚಾಕೂಟದಲ್ಲಿ ಎದುರಾಳಿಯ ಮಾತನ್ನು ಕಡೆಯವರೆಗೆ ಕೇಳುವಾಗ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತ ಗೆಳೆಯನನ್ನು ಹೆಸರು ಹಿಡಿದು ಕರೆಯುವಾಗ ಆ ಶಿಕ್ಷಣವು ಆಗಲೇ ಆರಂಭವಾಗಿರುತ್ತದೆ. ಕಾಯಕವು ಒಬ್ಬನಿಂದ ನಡೆಯಬಹುದು. ಅದರ ಅರಿವು ಬೆಳೆಯುವುದು ಹತ್ತು ಜನರು ಕೂಡಿದಲ್ಲಿ. ಆ ಕೂಟವು ಚಾವಡಿಯಲ್ಲಿರಲಿ, ಪರದೆಯ ಮೇಲಿರಲಿ, ಅಲ್ಲಿ ಕಡೆಯವನ ಮಾತಿಗೂ ಕಿವಿಯಿರುವಂತೆ ನೋಡಿಕೊಳ್ಳುವುದೇ ಸಮಾಜಸೇವಕನ ಧರ್ಮ.